ಲೋಲಾಳ ಕೈಯಲ್ಲಿ ಇವತ್ತಿನ ಪೇಪರ್

ಬೈದಿದ್ದರೆ ರೊಡೆಲ್ ಸಹಿಸಿಕೊಳ್ಳುತ್ತಿದ್ದ. ಮದುಮಗಳ ತಾಯಿ ಬೈಯಲಿಲ್ಲ, ತುಂಬ ಪ್ರೀತಿಯಿಂದ ಮಾತಾಡಿದಳು. ಮರ್ಯಾದೆ ಹೋಗುವುದು ಅಂಥ ಕಡೆಯೇ.

"ಊಟಕ್ಕೆ ಬರಲೇಬೇಕು ಕಣಪ್ಪ. ಇಡೀ ಹಂದೀನ ಕೆಂಡದ ಮೇಲೆ ಸುಡಿಸ್ತಿದೀನಿ. ಕ್ಯಾಮೆರಾ ಒಂದು ಬೇಡ. ನಮ್ಮಕ್ಕನ ಮಗ ಹೊಸ ಫೋನ್ ತಗೊಂಡಿದಾನೆ, ಅದಕ್ಕೆ ಹಿಂದ್ಗಡೆ ಮೂರು ಕಣ್ಣು."

"ಮೂರಲ್ಲ ಆಂಟಿ, ಮೂವತ್ತು ಕಣ್ಣಿರ್ಲಿ. ನೋಡೋಕೆ ಬರಬೇಕಲ್ಲ."

"ಅದರಲ್ಲಿ ನೋಡೋದೇನು ಬಂತು? ಒತ್ತೋದು ತಾನೇ?"

ಒತ್ತೋದು ತಾನೇ. ಸಾನ್ ಎಲಿಯಾಸ್ ಊರಿನ ಚರ್ಚಿನ ಪಕ್ಕ, ಔಷಧಿ ಅಂಗಡಿಗೂ ಕೋಳಿ ಕರುಳು ಸುಡುವ ಗಾಡಿಗೂ ನಡುವೆ ಸಿಕ್ಕಿಕೊಂಡಿದ್ದ ತನ್ನ ಸ್ಟುಡಿಯೋಗೆ ಬಂದು, ಶಟರನ್ನು ಅರ್ಧ ಎತ್ತಿ, ಅವನು ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಾ ಕೂತ. ಇಂಟರ್ವಲ್ಲಿಗೆ ಮುಂಚೆ ವಿಲನ್ ಹೇಳಿದ ಡೈಲಾಗನ್ನು ಕ್ಲೈಮ್ಯಾಕ್ಸಿನಲ್ಲಿ ಅವನ ಮುಖಕ್ಕೇ ತಿರುಗಿಸಿ ಹೊಡೆಯುವ ಹೀರೋಗಳನ್ನು ರೊಡೆಲ್ ಬೇಕಾದಷ್ಟು ನೋಡಿದ್ದ. ತನ್ನ ಸಮಸ್ಯೆ ಏನೆಂದರೆ, ತನ್ನ ಸಿನಿಮಾ ಇಂಟರ್ವಲ್ಲಿನಲ್ಲೇ ನಿಂತಿದೆ, ಜನ ಆಗಲೇ ಎದ್ದು ಮನೆಗೆ ಹೋಗುತ್ತಿದ್ದಾರೆ.

ಅವನಿಗೆ ನಿಜಕ್ಕೂ ನೋಡಲು ಬರುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಮದುಮಗಳನ್ನು ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಕಣ್ಣಿನ ಕೆಳಗೆ ಹೊಂಡ ಬೀಳುತ್ತದೆ, ಅವಳನ್ನೇ ಒಂದಿಷ್ಟು ಹಿಂದಕ್ಕೆ, ಬಾಗಿಲ ನೆರಳಿಗೆ ಕರೆದರೆ ಮುಖ ಹಾಲಲ್ಲಿ ಅದ್ದಿ ತೆಗೆದಂತಾಗುತ್ತದೆ ಎಂದು ಗೊತ್ತಿತ್ತು. ಮದುಮಗಳ ಅಪ್ಪ ಅಳುವುದು ಮಗಳು ಒಳಗೆ ನಡೆದು ಬರುವಾಗಲ್ಲ, ಅವಳ ಕೈ ಬಿಟ್ಟು ಬೆಂಚಿನಲ್ಲಿ ಒಬ್ಬನೇ ಕೂರುವಾಗ ಎಂದೂ ಗೊತ್ತಿತ್ತು. ಮೂರು ಕಣ್ಣಿನ ಫೋನಿಗೆ ಇದು ಗೊತ್ತಿಲ್ಲ. ಆದರೆ ಫೋನು ಪುಕ್ಕಟೆ, ಜೊತೆಗೆ ಅದು ಎಲ್ಲರ ಮುಖವನ್ನೂ ಮೊಸರು ಬಳಿದಂತೆ ನುಣ್ಣಗೆ ಮಾಡಿ ಆ ಕ್ಷಣವೇ ಕೈಗೆ ಕೊಡುತ್ತದೆ. ಊರಿಗೆ ಅಷ್ಟು ಸಾಕಿತ್ತು.

ಎಡಿಟಿಂಗ್ ಕಲಿಯಲು ಅವನು ಮನಿಲಾಗೆ ಹೋಗಿದ್ದ. ಅಲ್ಲಿಯ ಗಾಡೋ ಮಾಸ್ಟರು ಮೊದಲ ಕ್ಲಾಸಿನಲ್ಲೇ ಎಲ್ಲರ ಗಾಳಿ ಇಳಿಸಿದ್ದರು.

"ಎಡಿಟಿಂಗ್ ಅಂದ್ರೆ ಮೇಕಪ್ ಅಲ್ಲ ಕಣ್ರೋ. ಮೇಕಪ್ ಎಲ್ಲರ ಕಣ್ಣಿಗೂ ಬೀಳ್ಬೇಕು, ಎಡಿಟಿಂಗ್ ಯಾರ ಕಣ್ಣಿಗೂ ಬೀಳ್ಬಾರ್ದು. ನೋಡಿದವನು 'ಆಹಾ, ಎಷ್ಟು ಚೆನ್ನಾಗಿ ಎಡಿಟ್ ಮಾಡಿದಾನೆ' ಅಂದ ಅಂದ್ರೆ ನೀವು ಫೇಲು. ಒಂದೇ ಮುಖ ಹಿಡ್ಕೊಳ್ಳಿ, ಅದರ ಮೇಲೆ ಕಲೀರಿ. ಆ ಮುಖ ಬಾಯಿಪಾಠ ಆಗ್ಬೇಕು."

ರೊಡೆಲ್ ಹಿಡಿದುಕೊಂಡದ್ದು ಲೋಲಾಳ ಮುಖವನ್ನು. ಲೋಲಾ ಅಂದರೆ ಅಲ್ಲಿಯವರ ಮಾತಿನಲ್ಲಿ ಅಜ್ಜಿ, ಲೋಲಾ ಇಸಿಂಗ್ ಅವನ ಅಪ್ಪನ ಅಮ್ಮ. ಅಪ್ಪ ಅಮ್ಮ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಸಂಸಾರ ಹೂಡಿಕೊಂಡ ಮೇಲೆ ಅವನಿಗೆ ಉಳಿದದ್ದು ಈ ಮುದುಕಿ ಒಬ್ಬಳೇ. ಕೆರೆಯ ಮೀನನ್ನು ಹೊಗೆಯಲ್ಲಿಟ್ಟು ಮಾರಿ ಅವನನ್ನು ಸಾಕಿದ್ದಳು, ಕೋರ್ಸಿನ ಫೀಸನ್ನೂ ಕಟ್ಟಿದ್ದಳು. ರಜೆಗೆ ಬಂದಾಗಲೆಲ್ಲ ಅವನು ಅವಳನ್ನು ಮಹಡಿಯ ಪೂರ್ವದ ಕಿಟಕಿಯ ಬಳಿ ಕೂರಿಸುತ್ತಿದ್ದ.

"ಇನ್ನೂ ಎಷ್ಟು ತೆಗೀತೀಯೋ? ಈ ಮುಖ ಏನು ಓಡಿ ಹೋಗತ್ತಾ?"

"ನಗು ಲೋಲಾ."

"ಹಲ್ಲಿಲ್ಲ."

"ಅದಕ್ಕೇ ನಗು."

ಬೀಸಣಿಗೆ ಹಿಡಿದು, ಜಪಮಣಿ ಹಿಡಿದು, ತೂಕಡಿಸುತ್ತಾ, ಬೈಯುತ್ತಾ, ಕಿಟಕಿಯಾಚೆ ಯಾರನ್ನೋ ಆಡಿಕೊಳ್ಳುತ್ತಾ. ಕಂಪ್ಯೂಟರಿನಲ್ಲಿ ಅವಳ ಮುಖ ಕಣಜ ತುಂಬಿದಂತೆ ತುಂಬಿತ್ತು. ಕಣ್ಣು ಮುಚ್ಚಿಕೊಂಡೇ ಅವಳ ಎಡ ಕೆನ್ನೆಯ ಮಚ್ಚೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲವನಾಗಿದ್ದ ರೊಡೆಲ್.

ಆ ಮುಖ ಓಡಿಯೇ ಹೋಯಿತು. ತನ್ನ ತವರಿನ ದ್ವೀಪದಲ್ಲಿ ಸಂತನ ಹಬ್ಬ ನೋಡಬೇಕೆಂದು ಹಟ ಹಿಡಿದಳು, ಅವನೇ ಬಸ್ಸು, ದೋಣಿ ಹತ್ತಿಸಿ ಕರೆದುಕೊಂಡು ಹೋದ. ಹಬ್ಬದ ಊಟ ಮಾಡಿ, ತಂಗಿಯ ಜೊತೆ ಹಳೆಯ ಜಗಳವೊಂದನ್ನು ಪೂರ್ತಿ ಮಾಡಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಬಿರುಗಾಳಿ ಬರುತ್ತಿದೆ ಎಂದು ರೇಡಿಯೋ ಹೇಳುತ್ತಿತ್ತು. ಊರವರು ಗಡಿಬಿಡಿಯಲ್ಲಿ ಗುಡ್ಡದ ಮೇಲೆ, ಅವಳ ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡಿದರು. ಸಾವನ್ನು ಕಚೇರಿಯಲ್ಲಿ ಬರೆಸುವುದು ಗಾಳಿ ನಿಂತ ಮೇಲೆ ಎಂದಾಯಿತು. ಗಾಳಿ ಕಚೇರಿಯ ಛಾವಣಿಯನ್ನೇ ಹೊತ್ತುಕೊಂಡು ಹೋಯಿತು. ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಛಾವಣಿಯ ಚಿಂತೆ. ರೊಡೆಲ್ ಲೋಲಾಳ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬನೇ ವಾಪಸು ಬಂದ.

ಪುರಸಭೆಗೆ ಅವನು ಹೋದದ್ದು ನಿಜ ಹೇಳಲಿಕ್ಕೇ. ಇದನ್ನು ಅವನು ಆಮೇಲೆ ತನಗೇ ಎಷ್ಟೋ ಸಲ ಹೇಳಿಕೊಂಡ. ಹಿರಿಯರ ಪಿಂಚಣಿ ವಿಭಾಗದ ಮೇಡಂ ಬೆನಿಲ್ಡ ಮಂಡಿಗೆ ಮುಲಾಮು ಉಜ್ಜಿಕೊಳ್ಳುತ್ತಾ ಕೂತಿದ್ದರು. ಅವನು ಬಾಯಿ ತೆರೆಯುವ ಮುಂಚೆಯೇ ಕೈ ಚಾಚಿದರು.

"ಮ್ಯಾಗ್ಸಿನೋ ಮನೆಯವನು ತಾನೇ? ಅಜ್ಜಿ ಬದುಕಿರೋ ಫೋಟೋ ತಂದ್ಯಾ?"

"ಅದೇ ಹೇಳೋಣ ಅಂತ ಬಂದೆ ಮೇಡಂ, ಲೋಲಾಗೆ..."

"ಹುಷಾರಿಲ್ಲ. ಗೊತ್ತು. ಎಲ್ಲರ ಅಜ್ಜೀನೂ ಈ ವಾರವೇ ಹುಷಾರು ತಪ್ಪೋದು. ಬರೋಕೆ ಆಗ್ದಿದ್ರೆ ಬೇಡ, ಫೋಟೋ ಸಾಕು. ಕೈಯಲ್ಲಿ ಆ ದಿನದ ಪೇಪರ್ ಹಿಡಿದಿರ್ಬೇಕು, ತಾರೀಕು ಕಾಣ್ಬೇಕು. ಹೋದ ಸಲ ಒಬ್ಬ ಹಳೇ ಪೇಪರ್ ಹಿಡಿಸ್ಕೊಂಡು ಬಂದಿದ್ದ, ಓಡಿಸ್ದೆ. ನಾಳೆ ತಾ."

ಅವನು ಮತ್ತೆ ಬಾಯಿ ತೆರೆದ. ಹಿಂದೆ ಸಾಲಿನಲ್ಲಿದ್ದವರು ಭುಜಕ್ಕೆ ತಿವಿಯುತ್ತಿದ್ದರು. ಲೋಲಾಳ ಪಿಂಚಣಿಯೇ ಸ್ಟುಡಿಯೋದ ಬಾಡಿಗೆ, ತಿಂಗಳು ತಿಂಗಳು ಬಾಯಿ ತೆರೆದು ಕೂರುವ ಎಡಿಟಿಂಗ್ ಸಾಫ್ಟ್‌ವೇರಿನ ಚಂದಾ. ಇವತ್ತು 'ಸತ್ತಳು' ಎಂದರೆ ನಾಳೆ ಶಟರು ಇಳಿಯುತ್ತದೆ, ನಾಡಿದ್ದು ಊರೆಲ್ಲ 'ಒತ್ತೋದು ತಾನೇ' ಎನ್ನುತ್ತದೆ.

"ನಾಳೆ ತರ್ತೀನಿ ಮೇಡಂ," ಅಂದುಬಿಟ್ಟ.

ಹೊರಗೆ ಬಂದು ಊರ ನಡುವಿನ ಪ್ಲಾಜಾಕ್ಕೆ ನಡೆದ. ಪ್ಲಾಜಾದ ಬೆಂಚಿನಲ್ಲಿ ಕೂತ ಮೇಲೆ ಅವನಿಗೆ ಹೊಳೆಯಿತು: ಈ ಊರಿನಲ್ಲಿ ಈ ಕೆಲಸ ಸರಿಯಾಗಿ ಮಾಡಬಲ್ಲವನು ತಾನೊಬ್ಬನೇ. ಅಷ್ಟು ದುಃಖದಲ್ಲೂ ಅವನಿಗೆ ಒಂಚೂರು ಹೆಮ್ಮೆಯಾಯಿತು. ಅದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೆ ಹೆಮ್ಮೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಬಿಸಿ ಬ್ರೆಡ್ಡಿನ ಜೊತೆ ಪೇಪರು ತಂದ. ಪೂರ್ವದ ಕಿಟಕಿಯ ಬಳಿ, ಲೋಲಾ ಕೂರುತ್ತಿದ್ದ ಅದೇ ಕುರ್ಚಿಯಲ್ಲಿ ಒಂದು ದಿಂಬನ್ನು ಕೂರಿಸಿ, ಅದರ ಮುಂದೆ ಪೇಪರನ್ನು ದಾರದಲ್ಲಿ ತೂಗುಬಿಟ್ಟ. ಅದೇ ಕ್ಯಾಮೆರಾ, ಅದೇ ಲೆನ್ಸು, ಕಿಟಕಿಯ ಬಿಸಿಲು ನೆಲದ ಅದೇ ಹಲಗೆಗೆ ಬರುವವರೆಗೆ ಕಾದ. ಹಳೆಯ ಫೋಟೋಗಳಲ್ಲಿ ಬೀಸಣಿಗೆ ಹಿಡಿದದ್ದನ್ನು ಆರಿಸಿ, ಬೀಸಣಿಗೆಯನ್ನು ಅಳಿಸಿ, ಅವೇ ಬೆರಳುಗಳ ನಡುವೆ ಪೇಪರನ್ನು ಸೇರಿಸಿದ.

ಅಷ್ಟಕ್ಕೇ ಖುಷಿಪಟ್ಟು ನಿಲ್ಲಿಸುವವನು ಫೋನಿನ ಹುಡುಗ. ರೊಡೆಲ್ ಅಲ್ಲಿಂದ ಶುರು ಮಾಡಿದ. ಎದೆಯ ಮುಂದೆ ಪೇಪರ್ ಹಿಡಿದರೆ ಅದರ ಮೇಲೆ ಬಿದ್ದ ಬೆಳಕು ಹಾರಿ ಗಲ್ಲದ ಕೆಳಗೆ ಬೀಳುತ್ತದೆ, ಅಲ್ಲಿಯ ನೆರಳನ್ನು ತೆಳುಗೊಳಿಸಿದ. ಹೆಬ್ಬೆರಳು ಒತ್ತಿದ ಕಡೆ ಕಾಗದ ಸ್ವಲ್ಪ ಕುಸಿಯಬೇಕು, ಕುಸಿಸಿದ. ಪೇಪರಿನ ಬಿಳಿ ಬಿಳಿಯಲ್ಲ, ಬೂದಿ ಬೆರೆಸಿದ ಬಿಳಿ. ಕಣ್ಣಿನ ಗೊಂಬೆಯಲ್ಲಿ ಕಿಟಕಿಯ ಜೊತೆಗೆ ಪೇಪರಿನ ಅಂಚೂ ಮಿಣುಕಬೇಕು, ಯಾರೂ ನೋಡದಿದ್ದರೂ. ಕೊನೆಗೆ, ಎಲ್ಲ ಮುಗಿದ ಮೇಲೆ, ಒಂದು ಕಣ್ಣನ್ನು ಅರ್ಧ ಮುಚ್ಚಿದಂತೆ ಮಾಡಿದ. ಪರಿಪೂರ್ಣವಾದದ್ದನ್ನು ಕಂಡರೆ ಸರ್ಕಾರಕ್ಕೆ ಅನುಮಾನ.

"ಥೂ, ಕಣ್ಣು ಮುಚ್ಕೊಂಡಿದಾರಲ್ಲೋ," ಅಂದರು ಮೇಡಂ ಬೆನಿಲ್ಡ. "ಫೋಟೋಗ್ರಾಫರ್ ಅಂತೆ. ನಮ್ಮ ಹುಡುಗಿ ಫೋನಲ್ಲಿ ಇದಕ್ಕಿಂತ ಚೆನ್ನಾಗಿ ತೆಗೀತಾಳೆ."

ಅವಮಾನ ಇಷ್ಟು ರುಚಿಯಾಗಿರುತ್ತದೆ ಎಂದು ರೊಡೆಲ್‌ಗೆ ಗೊತ್ತಿರಲಿಲ್ಲ. ಮೊಹರು ಬಿತ್ತು.

ಹೀಗೆ ಲೋಲಾಳ ಪಿಂಚಣಿ ಸಾಫ್ಟ್‌ವೇರನ್ನು ಬದುಕಿಸಿತು, ಸಾಫ್ಟ್‌ವೇರ್ ಲೋಲಾಳನ್ನು ಬದುಕಿಸಿತು.

ಕಚೇರಿ ಗೆದ್ದದ್ದಾಯಿತು, ಇನ್ನು ಓಣಿ. ಕೆಳಗಿನ ಮನೆಯ ಆಲಿಂಗ್ ಪಾಸಿಂಗ್, ಅಂದರೆ ಪಾಸಿಂಗಕ್ಕ, ಎಂಬ ಹೆಂಗಸಿಗೆ ಓಣಿಯಲ್ಲಿ ಯಾರ ಮನೆಯ ಬೆಕ್ಕು ಬಸುರಾದರೂ ಗೊತ್ತಾಗುತ್ತಿತ್ತು. ಲೋಲಾ ನಸುಕಿನ ಬಸ್ಸಿಗೆ ಬಂದಳು, ದೋಣಿಯಲ್ಲಿ ಮಳೆಗೆ ನೆನೆದು ಎದೆ ಕಟ್ಟಿದೆ, ಡಾಕ್ಟರು ಯಾರನ್ನೂ ಹತ್ತಿರ ಬಿಡಬೇಡ ಅಂದಿದ್ದಾರೆ ಎಂದು ರೊಡೆಲ್ ಸಾರಿದ. ಮಹಡಿಯ ಮೆಟ್ಟಿಲಂತೂ ಏಣಿಯಂತೆ ನೆಟ್ಟಗಿತ್ತು, ಆಲಿಂಗ್ ಪಾಸಿಂಗಳ ದೇಹ ಅದಕ್ಕೆ ಒಗ್ಗುವಂಥದ್ದಲ್ಲ. ಅವಳು ಅಂಗಳದಲ್ಲೇ ನಿಂತು ಕೂಗುತ್ತಿದ್ದಳು.

"ಲೋಲಾ ಇಸಿಂಗ್, ನಿನ್ನೆ ಕಳಿಸಿದ ಗಂಜಿ ಹೇಗಿತ್ತೇ? ಶುಂಠಿ ಜಾಸ್ತಿ ಆಯ್ತಾ?"

ಹಳೆಯ ವಿಡಿಯೋ ಒಂದರಲ್ಲಿ ಲೋಲಾ ಕೆಮ್ಮಿದ್ದಳು. ರೊಡೆಲ್ ಆ ಕೆಮ್ಮನ್ನಷ್ಟೇ ಕತ್ತರಿಸಿ ಸ್ಪೀಕರಿಗೆ ಹಾಕಿಟ್ಟಿದ್ದ. ಮೇಲಿನಿಂದ ಕೆಮ್ಮು ಕೇಳಿಸಿತು.

"ಮಾತಾಡಬೇಡ ಬಿಡು, ಮಲಕ್ಕೋ. ಏ ರೊಡೆಲ್, ಲೋಲಾಗೆ ಬಿಸಿ ಇರೋವಾಗ್ಲೇ ತಿನ್ನಿಸೋ. ನೀನು ಗುಳುಂ ಮಾಡ್ಬೇಡ."

"ನಾನ್ಯಾಕೆ ತಿನ್ಲಿ ಆಲಿಂಗ್, ನಂಗೆ ಗಂಜಿ ಕಂಡ್ರೆ ಆಗಲ್ಲ."

ಗಂಜಿಯನ್ನು ಅವನೇ ತಿನ್ನುತ್ತಿದ್ದ, ಕಿಟಕಿಯ ಬಳಿ ಕೂತು, ಬಟ್ಟಲಿನ ತಳ ಕಾಣುವವರೆಗೆ. ಸತ್ತವಳ ಪಾಲಿನದನ್ನು ತಿನ್ನುತ್ತಿದ್ದೇನೆ ಎಂಬ ಯೋಚನೆ ಬಂದಾಗ ನುಂಗಲಾಗುತ್ತಿರಲಿಲ್ಲ, ಚೆಲ್ಲಿದರೆ ಆಲಿಂಗ್ ಪಾಸಿಂಗಳ ಕೋಳಿಗಳು ಅದನ್ನು ಅಂಗಳದಲ್ಲಿ ಸಾರಿಬಿಡುತ್ತವೆ. ಕಣ್ಣು ಮುಚ್ಚಿ ನುಂಗುತ್ತಿದ್ದ. ಕೆಮ್ಮಿನ ಗುಂಡಿ ಒತ್ತುವಾಗ ಮಾತ್ರ ಯಾವತ್ತೂ ಕೋಣೆಯಿಂದ ಹೊರಗೆ ನಿಲ್ಲುತ್ತಿದ್ದ. ಒಳಗಿದ್ದು ಕೇಳಿದರೆ ತಿರುಗಿ ನೋಡುವ ಹಾಗಾಗುತ್ತಿತ್ತು.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ, ಸಮಾಧಿಗಳಿಗೆ ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ, ಅಲ್ಲೇ ಚಾಪೆ ಹಾಸಿ ಅನ್ನ ಉಂಡು ಹಾಡುವ ದಿನ. ಸಮಾಧಿಯ ಮುಂದೆ ಕುಟುಂಬದ ಫೋಟೋ ತೆಗೆಸುವವರು ಇನ್ನೂ ಕೆಲವರಿದ್ದರು, ರೊಡೆಲ್ ಕ್ಯಾಮೆರಾ ಹಿಡಿದು ಓಡಾಡಿದ. ಎಲ್ಲರ ಬಳಿಯೂ ಒಂದೊಂದು ಕಲ್ಲಿತ್ತು, ಕಲ್ಲಿನ ಮೇಲೆ ಹೆಸರಿತ್ತು. ಲೋಲಾಳ ಹೆಸರಿನ ಕಲ್ಲಿಲ್ಲ, ಅವಳ ಆತ್ಮಕ್ಕೆ ಪ್ರಾರ್ಥನೆ ಹೇಳಿಸಿಲ್ಲ, ಕಪ್ಪು ಪಟ್ಟಿಯನ್ನು ಅವನು ತೋಳಿಗೆ ಕಟ್ಟಿಕೊಳ್ಳುವ ಹಾಗಿಲ್ಲ. ಯಾರೂ ಬಾರದ, ಪಾಚಿ ಹಿಡಿದ ಯಾವನದೋ ಸಮಾಧಿಯ ಮುಂದೆ ಅವನು ಕೂತು ಒಂದು ಬತ್ತಿ ಹಚ್ಚಿದ. 'ಅಣ್ಣಾ, ಇದು ನಿನಗಲ್ಲ, ಸ್ವಲ್ಪ ಮೇಲೆ ತಲುಪಿಸಿಬಿಡು' ಎಂದು ಮನಸ್ಸಿನಲ್ಲೇ ಕೇಳಿಕೊಂಡ.

"ಯಾರೋ ಅದು, ನಿಮ್ಮೋರಾ?" ಆಲಿಂಗ್ ಪಾಸಿಂಗ್ ಹಿಂದೆಯೇ ನಿಂತಿದ್ದಳು.

"ಅಲ್ಲ ಆಲಿಂಗ್. ಪಾಪ, ಯಾರೂ ಬಂದಿರ್ಲಿಲ್ಲ."

"ಒಳ್ಳೇ ಹುಡುಗ ಕಣೋ ನೀನು. ದೇವರು ದೊಡ್ಡೋನು, ನಿಮ್ಮ ಲೋಲಾಗೆ ಬತ್ತಿ ಹಚ್ಚೋ ಗತಿ ಇನ್ನೂ ಬಂದಿಲ್ಲ."

ಕ್ಯಾಮೆರಾವನ್ನು ಕಣ್ಣಿಗೆ ಹಿಡಿದುಕೊಳ್ಳುವುದರಲ್ಲಿ ಒಂದು ಅನುಕೂಲವಿದೆ, ಹಿಂದೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ರೊಡೆಲ್ ಯಾವುದೋ ಮರದ ಫೋಟೋ ತೆಗೆಯುತ್ತಾ ನಿಂತ.

ವರ್ಷ ತಿರುಗಿತು, ಮತ್ತೆ ತಿರುಗಿತು. ಪ್ರತಿ ಸಲವೂ ಹೊಸ ಪೇಪರು, ಕಣಜದಿಂದ ಹೊಸ ಮುಖ. ಮುಖವೊಂದು ನಿಂತಲ್ಲೇ ನಿಲ್ಲುವುದಿಲ್ಲ ಎಂಬ ಎಚ್ಚರ ಅವನಿಗಿತ್ತು. ಲೋಕವೆಲ್ಲ ಸುಕ್ಕು ಅಳಿಸಲು ಎಡಿಟಿಂಗ್ ಕಲಿಯುತ್ತಿದ್ದರೆ ಅವನು ಸುಕ್ಕು ನೇಯುವುದನ್ನು ಕಲಿತ. ಚರ್ಚಿನ ಬೆಂಚುಗಳಲ್ಲಿ ಕೂತ ಮುದುಕಿಯರನ್ನು ದಿಟ್ಟಿಸಿ ದಿಟ್ಟಿಸಿ, ವಯಸ್ಸು ಎಲ್ಲಿಂದ ಒಳಗೆ ಬರುತ್ತದೆ ಎಂದು ನೋಡಿದ. ಅದು ಹಣೆಯಿಂದ ಬರುವುದಿಲ್ಲ, ಕಿವಿಯ ಹಾಲೆ ಉದ್ದವಾಗುವುದರಿಂದ ಬರುತ್ತದೆ. ಹುಬ್ಬಿನ ಕೂದಲು ಉದುರುತ್ತದೆ, ಮೇಲ್ದುಟಿ ಒಳಗೆ ಜಾರುತ್ತದೆ, ಕಣ್ಣಿನ ಕಪ್ಪಿನ ಸುತ್ತ ಅಕ್ಕಿ ತೊಳೆದ ನೀರಿನಂಥ ಬಳೆ ಮೂಡುತ್ತದೆ. ಇದನ್ನೆಲ್ಲ ಅವನು ಲೋಲಾಗೆ ಒಂದೊಂದಾಗಿ ಕೊಟ್ಟ. ಬದುಕಿದ್ದರೆ ಹೇಗಿರುತ್ತಿದ್ದಳೋ ಹಾಗೆ. ಒಂದು ಮಧ್ಯಾಹ್ನ ಪರದೆಯ ಮೇಲೆ ಅವಳ ಕೈಯ ನರಗಳನ್ನು ಉಬ್ಬಿಸುತ್ತಾ ಕೂತಿದ್ದಾಗ, ತಾನು ಈಗ ಮಾಡುತ್ತಿರುವುದು ಮೋಸವೋ ಸೇವೆಯೋ ಅವನಿಗೇ ಬಗೆಹರಿಯಲಿಲ್ಲ. "ನಗು ಲೋಲಾ," ಅಂದ. ಪರದೆ ನಗಲಿಲ್ಲ. ಅವನೇ ಬಾಯಿಯ ಅಂಚನ್ನು ಹಿಡಿದು ಸ್ವಲ್ಪ ಮೇಲೆಳೆದ.

ನಿಲ್ಲಿಸಬೇಕು ಎಂದು ಅನಿಸತೊಡಗಿದ್ದು ಆಗ. ನಿಲ್ಲಿಸುವುದು ಹೇಗೆ ಎಂದು ಕೂತು ಲೆಕ್ಕ ಹಾಕಿದ. ಬದುಕಿಸುವುದಕ್ಕೆ ಒಂದು ಕಂಪ್ಯೂಟರ್ ಸಾಕಾಗಿತ್ತು. ಸಾಯಿಸುವುದಕ್ಕೆ ಹೆಣ ಬೇಕು, ಡಾಕ್ಟರ್ ಬೇಕು, ಪಾದ್ರಿ ಬೇಕು, ಅಂಗಳದಲ್ಲಿ ಜಾಗರಣೆಗೆ ಕೂತು ಇಸ್ಪೀಟಾಡುವ ಊರವರ ನಡುವೆ ಗಾಜಿನ ಮುಚ್ಚಳದ ಪೆಟ್ಟಿಗೆ ಬೇಕು. ಪೆಟ್ಟಿಗೆಯೊಳಗೆ ಇಣುಕಿ ನೋಡದೆ ಸಾನ್ ಎಲಿಯಾಸಿನಲ್ಲಿ ಯಾರೂ ಯಾರ ಸಾವನ್ನೂ ನಂಬುವುದಿಲ್ಲ. ಅದನ್ನು ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ.

ಆದರೂ ದಾರಿ ಸಿಕ್ಕಿತು, ಸಿಕ್ಕಾಗ ಅದರ ಅಂದಕ್ಕೆ ಅವನೇ ಮರುಳಾದ. ಲೋಲಾ ತವರಿಗೆ ಹೋಗಬೇಕೆಂದು ಮತ್ತೆ ಹಟ ಹಿಡಿಯುತ್ತಾಳೆ. ಅವನು ಒಂದು ವ್ಯಾನ್ ಬಾಡಿಗೆಗೆ ತರುತ್ತಾನೆ. ಭಾನುವಾರ ಊರೆಲ್ಲ ಚರ್ಚಿನಲ್ಲಿರುವಾಗ, ಕಂಬಳಿ ಹೊದ್ದ ದಿಂಬುಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಾನೆ. ಓಣಿಯ ತುದಿಯ ಕಿವುಡ ಅಜ್ಜ ನೋಡುತ್ತಾನೆ, ನೋಡಲಿ. ದ್ವೀಪದಲ್ಲಿ ಲೋಲಾ ಸಾಯುತ್ತಾಳೆ. ಅಲ್ಲಿಯ ಗುಡ್ಡದ ಮೇಲೆ ಅವಳ ಸಮಾಧಿ ಇದ್ದೇ ಇದೆ, ತಾರೀಕಿಲ್ಲದ ಸಮಾಧಿ. ದ್ವೀಪದವರಿಗೆ ಇಲ್ಲಿಯ ಕತೆ ಗೊತ್ತಿಲ್ಲ, ಇಲ್ಲಿಯವರಿಗೆ ದ್ವೀಪದ ದಾರಿ ಗೊತ್ತಿಲ್ಲ. ಅವನು ಕಪ್ಪು ಪಟ್ಟಿ ಕಟ್ಟಿಕೊಂಡು ವಾಪಸು ಬರುತ್ತಾನೆ, ಕೊನೆಗೂ ಅಳುತ್ತಾನೆ, ನಟಿಸುವ ಅಗತ್ಯವೇ ಇಲ್ಲ. ಒಂದು ಕಲ್ಲು ಕೆತ್ತಿಸುತ್ತಾನೆ, ಅದರಲ್ಲಿ ಹಲ್ಲಿಲ್ಲದೆ ನಕ್ಕ ಆ ಹಳೆಯ ಫೋಟೋ, ಏನೂ ತಿದ್ದದೆ, ಇದ್ದ ಹಾಗೇ.

ಅದಕ್ಕೆ ಮುಂಚೆ ಈ ವರ್ಷದ ಫೋಟೋ ಒಂದನ್ನು ಕೊಡಬೇಕಿತ್ತು, ಕೊನೆಯದು. ಕಲಾವಿದರ ಹಣೆಬರಹವೇ ಇದು, ಕೊನೆಯ ಆಟ ಎಂದು ಗೊತ್ತಾದರೆ ಕೈ ತಡೆಯುವುದಿಲ್ಲ. ಈ ಸಲ ಅವನು ಕಣ್ಣು ಮುಚ್ಚಿಸಲಿಲ್ಲ. ಕಿಟಕಿಯ ಬೆಳಕು ಕೆನ್ನೆಯ ಮೇಲಿಂದ ಜಾರಿ ಪೇಪರಿನ ಮೇಲೆ ನಿಂತಿತ್ತು, ಲೋಲಾ ನೋಡುವವನನ್ನು ನೋಡಿಯೇ ನಗುವ ಹಾಗಿದ್ದಳು. ಮೇಡಂ ಬೆನಿಲ್ಡ ಮೊಹರನ್ನು ಪಕ್ಕಕ್ಕಿಟ್ಟು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ರೊಡೆಲ್," ಅಂದರು ಆಮೇಲೆ. "ನಾನು ದಿನಾ ಎಷ್ಟು ಫೋಟೋ ನೋಡ್ತೀನಿ ಗೊತ್ತೇನೋ. ಎಲ್ಲಾ ಪೇಪರ್ ಫೋಟೋಗಳೇ, ಹಿಂದೆ ಒಂದು ಮುದುಕಿ ಇರ್ತಾಳೆ. ಇದರಲ್ಲಿ ಮನುಷ್ಯರಿದಾರೆ ಕಣೋ. ನಮ್ಮಮ್ಮನ ಒಂದೂ ಇಂಥಾ ಫೋಟೋ ಇಲ್ಲ. ಆಗ ದುಡ್ಡು ದಂಡ ಅಂತ ತೆಗೆಸ್ಲಿಲ್ಲ."

 ಇಷ್ಟು ವರ್ಷ ರೊಡೆಲ್ ಊರಿನ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಇದು, ಬಂದದ್ದು ಮಾತ್ರ ತಪ್ಪು ಫೋಟೋಗೆ.

"ದೊಡ್ಡ ಫೈಲ್ ಇದ್ರೆ ಕಳ್ಸು, ಆಫೀಸಲ್ಲಿ ಇಟ್ಕೋತೀವಿ. ಮತ್ತೆ ಶನಿವಾರ ಬೆಳಿಗ್ಗೆ ಏನಾದ್ರೂ ಇಟ್ಕೊಂಡಿದೀಯಾ? ಮೇಯರ್ ಪ್ರೋಗ್ರಾಂ ಒಂದಿದೆ. ಫೋನ್ ಹುಡುಗ್ರು ಬೇಡ ಅಂದೆ ನಾನು, ಸರಿಯಾದ ಫೋಟೋಗ್ರಾಫರೇ ಬೇಕು ಅಂತ ಹಟ ಮಾಡಿದೀನಿ."

"ಎಲ್ಲಿ ಮೇಡಂ? ಬೆಳಕು ನೋಡ್ಕೋಬೇಕಲ್ಲ."

"ಅದೆಲ್ಲ ಸರ್‌ಪ್ರೈಸು. ನಮ್ಮ ಗಾಡೀಲಿ ಬಂದ್ಬಿಡು."

ಶನಿವಾರದ ಕೆಲಸ, ಭಾನುವಾರದ ಪ್ರಯಾಣ. ರೊಡೆಲ್ ದೊಡ್ಡ ಫೈಲನ್ನು ಕಳಿಸಿದ, ವ್ಯಾನಿನವನಿಗೆ ಹೇಳಿದ, ಆಲಿಂಗ್ ಪಾಸಿಂಗಳಿಗೆ "ಲೋಲಾ ಊರು ಊರು ಅಂತ ಕನವರಿಸ್ತಿದಾಳೆ" ಎಂಬ ಬೀಜ ಬಿತ್ತಿದ. ಅವಳು ಯಾಕೋ ನಗು ತಡೆಯುವವಳಂತೆ ಬಾಯಿಗೆ ಕೈ ಅಡ್ಡ ಹಿಡಿದು, "ಶನಿವಾರ ಕಳೀಲಿ ಬಿಡೋ" ಎಂದು ಒಳಗೆ ಹೋದಳು. ಅವಳ ಮಗಳು ಹೆರಿಗೆಗೆ ಬರುವವಳಿದ್ದಳು, ಅದಿರಬೇಕು ಎಂದುಕೊಂಡ.

ಶನಿವಾರ ಪುರಸಭೆಯ ಅಂಗಳದಲ್ಲಿ ಎರಡು ಗಾಡಿ ನಿಂತಿದ್ದವು. ಒಂದರಲ್ಲಿ ಬ್ಯಾಂಡಿನವರು ತುತ್ತೂರಿ ಒರೆಸುತ್ತಿದ್ದರು. ಇನ್ನೊಂದರಲ್ಲಿ ಮುಂದಿನ ಸೀಟಿನಲ್ಲಿ ಮೇಯರ್, ಹಿಂದೆ ಮೇಡಂ ಬೆನಿಲ್ಡ, ತೊಡೆಯ ಮೇಲೆ ದೊಡ್ಡ ಕೇಕಿನ ಡಬ್ಬಿ, ಕಾಲ ಬಳಿ ಸುರುಳಿ ಸುತ್ತಿದ ಬಟ್ಟೆಯ ಬ್ಯಾನರ್. ರೊಡೆಲ್ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬ್ಯಾಟರಿ ತುಂಬಿಸಿದ್ದ, ಲೆನ್ಸಿನ ಗಾಜನ್ನು ಉಸಿರು ಊದಿ ಒರೆಸಿದ್ದ. ಎಷ್ಟೋ ಕಾಲದ ಮೇಲೆ ಯಾರೋ ಅವನನ್ನು ಅವನ ಕೆಲಸಕ್ಕಾಗಿ ಕರೆದಿದ್ದರು.

"ಏನೇನು ಬೇಕು ಮೇಡಂ, ಮೊದಲೇ ಹೇಳ್ಬಿಡಿ. ಆಮೇಲೆ ಅದು ಬಂದಿಲ್ಲ ಇದು ಬಂದಿಲ್ಲ ಅನ್ಬಾರ್ದು."

"ಮೇಯರ್ ಕೇಕ್ ಕೊಡೋದು ಯಾರು ಬೇಕಾದ್ರೂ ತೆಗೀತಾರೆ. ನಂಗೆ ಬೇಕಾಗಿರೋದು ಆ ಮನೆಯವರ ಮುಖ ಕಣೋ. ಬ್ಯಾಂಡ್ ಶುರುವಾಗಿ, ಬ್ಯಾನರ್ ಬಿಚ್ಚಿದ ತಕ್ಷಣ ಒಂದು ಮುಖ ಆಗತ್ತಲ್ಲ, ಅದು."

"ಅದು ಒಂದೇ ಸಲ ಬರೋದು ಮೇಡಂ. ರೆಪ್ಪೆ ಬಡಿಯೋದ್ರೊಳಗೆ ಹೋಗ್ಬಿಡತ್ತೆ."

"ಅದಕ್ಕೇ ನಿನ್ನ ಕರೆಸಿರೋದು."

ಗಾಡಿ ಪ್ಲಾಜಾ ಸುತ್ತಿತು, ಚರ್ಚು ದಾಟಿತು. ಅವನು ಮನಸ್ಸಿನಲ್ಲೇ ಬೆಳಕಿನ ಲೆಕ್ಕ ಹಾಕುತ್ತಿದ್ದ: ಈ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿದ ಮನೆಯಾದರೆ ಒಳ್ಳೆಯದು. ಮೀನು ಮಾರುಕಟ್ಟೆಯ ತಿರುವಿನಲ್ಲಿ ಗಾಡಿ ಎಡಕ್ಕೆ ಹೊರಳಿತು. ಅವನ ಓಣಿಯ ಕಡೆ. ಓಣಿಯಲ್ಲಿ ಯಾರಿರಬಹುದು ಎಂದು ರೊಡೆಲ್ ಒಂದೊಂದೇ ಮನೆ ನೆನೆಸಿಕೊಂಡ. ಕಿವುಡ ಅಜ್ಜ ಇರಬೇಕು, ಪಾಪ, ಅವನಿಗೇನೋ ಸನ್ಮಾನ. ಗಾಡಿ ಕಿವುಡ ಅಜ್ಜನ ಮನೆ ದಾಟಿತು. ಮೇಡಂ ಬೆನಿಲ್ಡ ಅವನ ಕಡೆ ತಿರುಗಿ ನಗತೊಡಗಿದರು, ತುಂಬ ದಿನದಿಂದ ತಡೆದ ನಗು, ಕೇಕಿನ ಡಬ್ಬಿಯೂ ಅದರ ಜೊತೆ ಕುಲುಕಿತು.

"ನಿನ್ ಕ್ಯಾಮೆರಾ ಇಲ್ಲಿ ಕೊಡು," ಅಂದರು. "ಇವತ್ತೊಂದಿನ ನೀನು ಅವರ ಪಕ್ಕ ನಿಂತ್ಕೋ."

ಆಲಿಂಗ್ ಪಾಸಿಂಗ್ ಮದುವೆಗೆ ಹೊರಟವಳಂತೆ ಶೃಂಗಾರ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದಳು, ಹಿಂದೆ ಓಣಿಯವರೆಲ್ಲ. ಬ್ಯಾಂಡು ಹೊಡೆಯಿತು, ಇಬ್ಬರು ಸೇರಿ ಅವನ ಮನೆಯ ಮುಂದೆ ಬ್ಯಾನರ್ ಬಿಚ್ಚಿದರು. ಮಹಡಿಯಿಂದ ನೆಲದವರೆಗೆ ಲೋಲಾ, ಕೈಯಲ್ಲಿ ಪೇಪರು, ಅವಳ ಕೆಳಗೆ ಕೆಂಪಕ್ಷರದಲ್ಲಿ: ನೂರು ವರ್ಷ. ಊರಲ್ಲಿ ಯಾರಿಗೇ ನೂರು ತುಂಬಿದರೂ ಮೇಯರ್ ಅವರ ಮನೆಗೇ ಹೋಗಿ, ಅವರ ಕೈಯನ್ನು ಹಣೆಗೊತ್ತಿಕೊಂಡು, ಸರ್ಕಾರದ ಬಹುಮಾನವನ್ನು ಅವರ ಕೈಗೇ ಕೊಡಬೇಕು. ಅದು ರೊಡೆಲ್‌ಗೆ ಗೊತ್ತಿಲ್ಲದ್ದೇನಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಲೋಲಾ ವಯಸ್ಸು ಕೇಳಿದವರಿಗೆಲ್ಲ 'ಎಂಬತ್ತು ಚಿಲ್ಲರೆ' ಎನ್ನುತ್ತಿದ್ದಳು, ಅವನು ಆ ಚಿಲ್ಲರೆಯನ್ನು ಯಾವತ್ತೂ ಎಣಿಸಿರಲಿಲ್ಲ, ಪಿಂಚಣಿಯ ಕಡತ ಎಣಿಸಿತ್ತು. ಕಿವಿಯ ಹಾಲೆಗೆ, ಹುಬ್ಬಿಗೆ, ಕಣ್ಣಿನ ಬಳೆಗೆ ವಯಸ್ಸು ತುಂಬಿದವನು, ಪೇಪರಿನ ತಾರೀಕನ್ನು ಭೂತಗನ್ನಡಿಯಲ್ಲಿ ನೋಡಿದವನು, ಸಾಯದವರಿಗೆ ಒಂದು ದಿನ ನೂರಾಗುತ್ತದೆ ಎಂಬುದನ್ನು ಮಾತ್ರ ನೋಡಿರಲಿಲ್ಲ. ಮೇಯರ್ ಮೆಟ್ಟಿಲ ಬುಡದಲ್ಲಿ ಶೂ ಬಿಚ್ಚಿದರು. ಮೇಡಂ ಬೆನಿಲ್ಡ ಅವನ ಕ್ಯಾಮೆರಾವನ್ನು ಅವನ ಮುಖಕ್ಕೇ ಹಿಡಿದಿದ್ದರು, ಅದನ್ನು ಒತ್ತುವ ಸದ್ದು ಬ್ಯಾಂಡಿನ ನಡುವೆಯೂ ಅವನಿಗೆ ಕೇಳಿಸಿತು. ಆಲಿಂಗ್ ಪಾಸಿಂಗ್ ಮೇಲೆ ನೋಡಿ, "ಲೋಲಾ ಇಸಿಂಗ್, ಎದ್ದು ಕೂತ್ಕೊಳ್ಳೇ, ಬರ್ತಿದಾರೆ" ಎಂದು ಕೂಗಿ, ಉತ್ತರಕ್ಕೆ ಕಿವಿಗೊಟ್ಟಳು. ರೊಡೆಲ್ ಬ್ಯಾನರಿನ ಕಡೆ ನೋಡುತ್ತಿದ್ದ. ಗಲ್ಲದ ಕೆಳಗೆ, ಪೇಪರಿನ ಅಂಚು ಸೇರಿದ ಕಡೆ, ಇಷ್ಟು ದೊಡ್ಡದು ಮಾಡಿದರೆ ಬೆಸುಗೆ ಕಂಡೇ ಕಾಣಬೇಕು ಎಂದು ಹುಡುಕಿದ. ಕಾಣಲಿಲ್ಲ.